ಆಟೋಕ್ಲೇವ್ ತೋರಿಸದೆ ಸರ್ಟಿಫಿಕೇಟ್ ಕೊಟ್ಟರೆ ಹೇಗೆ?

ಸಂಪಾದಕರೇ,

ಪಿಯುಸಿ ಫಲಿತಾಂಶ ಬಂದಾಗಲೆಲ್ಲ ನಿಮ್ಮ ಪತ್ರಿಕೆಯಲ್ಲಿ 'ಮುಂದೇನು' ಅಂತ ಪುಟಗಟ್ಟಲೆ ಬರುತ್ತದೆ. ನರ್ಸಿಂಗ್, ಲ್ಯಾಬ್, ಎಕ್ಸ್‌ರೇ, ಡಯಾಲಿಸಿಸ್ ಎಲ್ಲ ಇರುತ್ತದೆ. ನಾನು 19 ವರ್ಷ ಮಾಡಿದ ಕೆಲಸ ಮಾತ್ರ ಒಂದು ಸಲವೂ ಕಣ್ಣಿಗೆ ಬಿದ್ದಿಲ್ಲ. ಆಪರೇಷನ್‌ಗೆ ಬಳಸುವ ಕತ್ತರಿ, ಚಿಮಟ, ಬಟ್ಟೆಗಳನ್ನು ತೊಳೆದು, ಪ್ಯಾಕ್ ಮಾಡಿ, ಆಟೋಕ್ಲೇವ್ ಅನ್ನುವ ಹಬೆ ಯಂತ್ರದಲ್ಲಿ ಒಂದು ರೋಗಾಣುವೂ ಉಳಿಯದ ಹಾಗೆ ಮಾಡಿ ಆಪರೇಷನ್ ಥಿಯೇಟರಿಗೆ, ಅಂದರೆ ಓಟಿಗೆ ಕಳಿಸುವ ಕೆಲಸ ಅದು. ಆಸ್ಪತ್ರೆಯವರು ಸಿಎಸ್‌ಎಸ್‌ಡಿ ಅನ್ನುತ್ತಾರೆ. ನಾನಿದ್ದ ಕಡೆ ಅದು ನೆಲಮಾಳಿಗೆಯಲ್ಲಿತ್ತು, ಅದಕ್ಕೇ ಯಾರಿಗೂ ಕಾಣಿಸಲಿಲ್ಲವೋ ಏನೋ.

ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ನಮ್ಮ ಪಕ್ಕದ ಮನೆ ಹುಡುಗ ನರಸಾಪುರದ ಕಂಪನಿ ಬಸ್ಸು ಹತ್ತಿ ಎರಡು ವರ್ಷ ಶಿಫ್ಟ್ ಮಾಡಿ ಸುಸ್ತಾಗಿ, ಆಸ್ಪತ್ರೆ ಕೆಲಸ ಕಲಿಯುತ್ತೇನೆ ಅಂತ ಒಂದು ತರಬೇತಿ ಕೇಂದ್ರಕ್ಕೆ ದುಡ್ಡು ಕಟ್ಟಿದ. ಮೂರು ತಿಂಗಳ ಕೋರ್ಸು. ಮುಗಿದ ಮೇಲೆ ಸರ್ಟಿಫಿಕೇಟ್ ತಂದು ತೋರಿಸಿದ, ಲ್ಯಾಮಿನೇಷನ್ ಬೇರೆ ಮಾಡಿಸಿದ್ದ. "ಬೋವಿ ಡಿಕ್ ಟೆಸ್ಟ್ ಯಾವಾಗ ಹಾಕ್ತಾರಪ್ಪ?" ಅಂತ, ಆ ಯಂತ್ರ ಸರಿ ಇದೆಯಾ ಅಂತ ದಿನಾ ನೋಡುವ ಪರೀಕ್ಷೆಯ ಬಗ್ಗೆ ಸುಮ್ನೆ ಕೇಳಿದೆ. "ಅದು ನೋಟ್ಸಲ್ಲಿದೆ ಅಕ್ಕಾ" ಅಂದ. ಆಟೋಕ್ಲೇವ್ ಬಾಗಿಲು ತೆಗೆದಿದ್ದೀಯಾ? ಇಲ್ಲ. ನೋಡಿದ್ದೀಯಾ? ಫೋಟೋದಲ್ಲಿ ನೋಡಿದ್ದನಂತೆ.

ನನಗೂ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ ಬಿಡಿ. ಮಾಲೂರಿನಲ್ಲಿ ಬೆಳಗಿನ ರೈಲು ಹತ್ತಿ ವೈಟ್‌ಫೀಲ್ಡಲ್ಲಿ ಇಳಿದು, ಒಂದು ಆಸ್ಪತ್ರೆಯಲ್ಲಿ ಆಯಾ ಆಗಿ ಸೇರಿದವಳು ನಾನು. ಒಂದು ದಿನ ಕೆಳಗೆ ಜನ ಕಡಿಮೆ ಅಂತ ಕಳಿಸಿದರು. ಅಲ್ಲೇ ಉಳಿದೆ. ಬೈಸಿಕೊಂಡೇ ಕಲಿತೆ. ಸೇರಿದ ಎರಡನೇ ತಿಂಗಳು, ಲೋಡ್, ಅಂದರೆ ಒಂದು ಸಲಕ್ಕೆ ಯಂತ್ರಕ್ಕೆ ಹಾಕಿದ್ದು, ಮುಗಿದ ತಕ್ಷಣ ಬಿಸಿ ಪ್ಯಾಕ್‌ಗಳನ್ನು ತೆಗೆದು ತಣ್ಣನೆಯ ಸ್ಟೀಲ್ ಮೇಜಿನ ಮೇಲೆ ಇಟ್ಟುಬಿಟ್ಟೆ. ಬೇಗ ಕೊಡೋಣ ಅಂತ. ಓಟಿ ಸಿಸ್ಟರ್ ಸಿಸೇರಿಯನ್ ಸೆಟ್ಟನ್ನು ಮಗುಚಿ, ಬುಡವನ್ನು ಬೆರಳಲ್ಲಿ ಒತ್ತಿ ನೋಡಿದರು. ಒಂದು ರೂಪಾಯಿ ಅಗಲ ಒದ್ದೆ. ಮಾತಿಲ್ಲದೆ ಪೂರ್ತಿ ಲೋಡ್ ವಾಪಸ್ ಕಳಿಸಿದರು. ಬಟ್ಟೆ ಒದ್ದೆಯಾದರೆ ಆ ತೇವದ ದಾರಿಯಲ್ಲೇ ಹೊರಗಿನ ರೋಗಾಣು ಒಳಗೆ ಹೋಗುತ್ತದೆ, ಅಷ್ಟು ಹೊತ್ತು ಬೇಯಿಸಿದ್ದೆಲ್ಲ ದಂಡ. ಪ್ಯಾಕಿಗೆ ಅಂಟಿಸುವ ಟೇಪಿನ ಮೇಲೆ ಕಪ್ಪು ಗೆರೆ ಚೆನ್ನಾಗಿಯೇ ಬಂದಿತ್ತು. ಆ ಗೆರೆ ಹೇಳೋದು ಪ್ಯಾಕ್ ಬಿಸಿ ಕಂಡಿದೆ ಅಂತ ಮಾತ್ರ, ಒಳಗೆ ಏನೂ ಬದುಕಿಲ್ಲ ಅಂತ ಅಲ್ಲ. ಅದಕ್ಕೇ ಬೇರೆ ಪರೀಕ್ಷೆ ಇದೆ. ಬಿಸಿಗೆ ಜಗ್ಗದ ಒಂದು ಬ್ಯಾಕ್ಟೀರಿಯಾದ ಬೀಜಾಣು ಇರುವ ಪುಟ್ಟ ಸೀಸೆಯನ್ನು ಲೋಡ್ ಜೊತೆ ಇಟ್ಟು, ಆಮೇಲೆ ಅದು ಬೆಳೆಯುತ್ತದಾ ಅಂತ ನೋಡುತ್ತಾರೆ.

ಹಾಗಂತ ಇದು ರಾಕೆಟ್ ವಿದ್ಯೆ ಏನಲ್ಲ. 1879ರಲ್ಲಿ ಪಾಶ್ಚರ್ ಜೊತೆಗಿದ್ದ ಚೇಂಬರ್‌ಲ್ಯಾಂಡ್ ಮಾಡಿದ ಈ ಯಂತ್ರ ನಮ್ಮ ಮನೆ ಕುಕ್ಕರಿನ ದೊಡ್ಡಣ್ಣ ಅಷ್ಟೇ. ಬರೀ ಕುದಿಯುವ ನೀರಿನಲ್ಲಿ ಧನುರ್ವಾಯುವಿನಂಥ ರೋಗದ ಬೀಜಾಣು ಸಾಯುವ ಖಾತ್ರಿ ಇಲ್ಲ. ಒತ್ತಡ ಏರಿಸಿದರೆ ಹಬೆ 121 ಡಿಗ್ರಿ ಮುಟ್ಟುತ್ತದೆ, ದೊಡ್ಡ ಯಂತ್ರದಲ್ಲಿ 134. ನಮ್ಮಮ್ಮ "ಹಬೆ ಜೋರಾಗಿ ಬರಲಿ, ಆಮೇಲೆ ವೆಯ್ಟ್ ಹಾಕು" ಅನ್ನುತ್ತಿದ್ದರಲ್ಲ, ಅದೇ ಇಲ್ಲಿಯ ಮೊದಲ ಪಾಠ. ಒಳಗಿನ ಗಾಳಿ ಹೋಗದಿದ್ದರೆ ಆ ಜಾಗಕ್ಕೆ ಹಬೆ ತಲುಪಲ್ಲ. ಗಾಳಿ ಎಳೆಯುವ ಯಂತ್ರದಲ್ಲಿ ಬೆಳಗ್ಗೆ ಮೊದಲ ಲೋಡನ್ನು, ಟೆಸ್ಟ್ ಪ್ಯಾಕ್ ಒಂದನ್ನು ಬಿಟ್ಟರೆ, ಖಾಲಿ ಓಡಿಸೋದು ಇದಕ್ಕೇ. ಅದೇ ಬೋವಿ ಡಿಕ್. ಒಳಗಿನ ಹಾಳೆಯ ಬಣ್ಣ ಎಲ್ಲ ಕಡೆ ಒಂದೇ ಸಮ ಬದಲಾಗಬೇಕು, ನಡುವೆ ಮಾಸಲು ಉಳಿದರೆ ಆ ಯಂತ್ರ ಅವತ್ತು ಮುಟ್ಟಬಾರದು. ಇಡ್ಲಿ ತಟ್ಟೆಯ ಹಾಗೆ ಪ್ಯಾಕ್‌ಗಳ ನಡುವೆಯೂ ಹಬೆಗೆ ದಾರಿ ಬೇಕು, ತುರುಕಬಾರದು. ಅದಕ್ಕೂ ಮೊದಲು ತೊಳೆಯೋದು ಇದೆ, ನನ್ನ ಪ್ರಕಾರ ಅದೇ ಜಾಸ್ತಿ ಕಷ್ಟ. ಕತ್ತರಿಯ ಕೀಲು ಬಿಚ್ಚಿ, ನೀರಿನೊಳಗೇ ಮುಳುಗಿಸಿ ಬ್ರಷ್ ಹಾಕಬೇಕು. ಮೇಲೆ ಉಜ್ಜಿದರೆ ರಕ್ತ ಮುಖಕ್ಕೆ ಸಿಡಿಯುತ್ತದೆ. ಕೀಲಿನಲ್ಲಿ ಒಣಗಿದ ರಕ್ತ ಉಳಿದರೆ ಎಷ್ಟು ಡಿಗ್ರಿ ಇದ್ದರೂ ನಂಬುವ ಹಾಗಿಲ್ಲ.

ಇನ್ನು ನಮ್ಮ ಕೋಲಾರದ ನೀರು. ಸಾವಿರ ಅಡಿಗಿಂತ ಆಳದ ಬೋರಿನ ಗಡಸು ನೀರನ್ನು ನೇರ ಬಳಸಿ ನೋಡಿ, ನಿಮ್ಮ ಬಕೆಟ್ಟಿನ ಅಂಚಿಗೆ ಹತ್ತುವ ಬಿಳಿ ಪೊರೆಯೇ ಚಿಮಟಕ್ಕೂ ಹತ್ತುತ್ತದೆ, ಹಬೆ ಮಾಡುವ ಬಾಯ್ಲರಿಗೂ ಹತ್ತುತ್ತದೆ. ಕೊನೆಗೆ ತೊಳೆಯೋಕೆ, ಹಬೆ ಮಾಡೋಕೆ ಆರ್‌ಓ ನೀರೇ ಬೇಕು. ಬೆಂಗಳೂರಿನ ನೋಟ್ಸ್ ಜೆರಾಕ್ಸ್ ಮಾಡಿ ಇಲ್ಲಿ ಪಾಠ ಹೇಳುವವರು ಈ ನೀರಿನ ಬಗ್ಗೆ ಒಂದು ಮಾತಾದರೂ ಹೇಳುತ್ತಾರಾ?

ಅಮೆರಿಕದಲ್ಲಿ ಈ ಕೆಲಸಕ್ಕೆ ಸಿಆರ್‌ಸಿಎಸ್‌ಟಿ ಅಂತ ಒಂದು ಸರ್ಟಿಫಿಕೇಟ್ ಇದೆ. ಪರೀಕ್ಷೆ ಪಾಸಾದರೆ ಸಾಲದು, 400 ಗಂಟೆ ಈ ವಿಭಾಗದಲ್ಲಿ ನಿಂತು ಕೈಯಾರೆ ಕೆಲಸ ಮಾಡಿರಬೇಕು. ದಿನಕ್ಕೆ 8 ಗಂಟೆ ಅಂದರೂ 50 ದಿನ. ನ್ಯೂಯಾರ್ಕ್, ನ್ಯೂಜೆರ್ಸಿಯಂಥ ರಾಜ್ಯಗಳಲ್ಲಿ ಇಂಥ ಸರ್ಟಿಫಿಕೇಟ್ ಕಾನೂನಿನ ಪ್ರಕಾರವೇ ಬೇಕು. ನಮ್ಮ ಜಿಲ್ಲೆಯಲ್ಲಿ ಜಿಲ್ಲಾಸ್ಪತ್ರೆ ಇದೆ, ಟಮಕದಲ್ಲಿ ಮೆಡಿಕಲ್ ಕಾಲೇಜೇ ಇದೆ. ಯಾವುದೇ ಕೇಂದ್ರ ಈ ಕೋರ್ಸ್ ನಡೆಸಲಿ, ಒಂದು ಆಸ್ಪತ್ರೆಯ ಜೊತೆ ಒಪ್ಪಂದ ಮಾಡಿಕೊಂಡು ಮಕ್ಕಳನ್ನು ಎರಡು ತಿಂಗಳಾದರೂ ಅಲ್ಲಿ ನಿಲ್ಲಿಸದಿದ್ದರೆ ಅದಕ್ಕೆ ಅನುಮತಿ ಕೊಡಬಾರದು. ಒಳಗೆ ಬಿಡುವ ಮುಂಚೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಲಿ. ಮೂರು ಡೋಸ್ ಮುಗಿಯೋಕೆ ಆರು ತಿಂಗಳು ಬೇಕು, ಸೇರಿದ ದಿನವೇ ಶುರು ಮಾಡಬೇಕು. ನಾನು ಎರಡು ಸಲ ಸೂಜಿ ಚುಚ್ಚಿಸಿಕೊಂಡವಳು, ಲಸಿಕೆ ಆಗಿತ್ತು ಅಂತ ಆ ರಾತ್ರಿ ನಿದ್ದೆಯಾದರೂ ಬಂತು.

ಆ ಹುಡುಗ ಈಗ ಒಂದು ಸಣ್ಣ ಆಸ್ಪತ್ರೆಯಲ್ಲಿ ಹೆಲ್ಪರ್ ಆಗಿ ಸೇರಿದ್ದಾನೆ. ಲ್ಯಾಮಿನೇಷನ್ ಮಾಡಿಸಿದ್ದನ್ನು ಅಲ್ಲಿ ಯಾರೂ ಕೇಳಲಿಲ್ಲವಂತೆ. ಸಂಜೆ ಬಂದು ನಮ್ಮ ಅಡುಗೆಮನೆಯಲ್ಲಿ ಕೂತು ಟವೆಲ್ಲಿನಲ್ಲಿ ಪ್ಯಾಕ್ ಕಟ್ಟೋದು ಕಲಿಯುತ್ತಾನೆ.

ನಿಮ್ಮ ವರದಿಗಾರರು ಒಂದು ದಿನ ಬೆಳಗ್ಗೆ ಬೇಗ ಯಾವುದಾದರೂ ಸಿಎಸ್‌ಎಸ್‌ಡಿ ಬಾಗಿಲಿಗೆ ಹೋಗಿ ನಿಲ್ಲಲಿ. ಆ ಮೊದಲ ಲೋಡ್ ಖಾಲಿ ಓಡೋದನ್ನು ನೋಡಿ, ಆಮೇಲೆ ಮುಂದಿನ 'ಮುಂದೇನು' ಪುಟ ಬರೆಯಲಿ.

— ನಿವೃತ್ತ ಸಿಎಸ್‌ಎಸ್‌ಡಿ ಟೆಕ್ನಿಷಿಯನ್, ಮಾಲೂರು, ಕೋಲಾರ ಜಿಲ್ಲೆ