ಠೇವಣಿ ಇಟ್ಟ ಕೋವಿ ಕೆಟ್ಟರೆ ಯಾರ ಹತ್ತಿರ ಹೋಗಬೇಕು?

ಮಾನ್ಯ ಸಂಪಾದಕರೇ,

ಮತ್ತೆ ಚುನಾವಣೆಯ ಮಾತು ಶುರುವಾಗಿದೆ. ನಮ್ಮಂಥ ತೋಟದವರಿಗೆ ಚುನಾವಣೆ ಅಂದರೆ ಮೊದಲು ನೆನಪಾಗುವುದು ಕೋವಿ ಠೇವಣಿ, ಅಂದರೆ ಚುನಾವಣೆ ಮುಗಿಯುವವರೆಗೆ ಲೈಸೆನ್ಸ್ ಕೋವಿಯನ್ನು ಪೊಲೀಸರಿಗೆ ಒಪ್ಪಿಸಿ ಇಡುವುದು. ಕೋವಿ ಇಡುವುದಕ್ಕೆ ನನ್ನ ತಕರಾರಿಲ್ಲ. ವಾಪಸ್ ಬಂದ ಮೇಲೆ ಏನಾಗುತ್ತದೆ ಅನ್ನುವುದನ್ನು ಯಾರೂ ಕೇಳುತ್ತಿಲ್ಲ, ಅದಕ್ಕೇ ಈ ಪತ್ರ.

ನಮ್ಮದು ಅಜ್ಜನ ಕಾಲದ ಜೋಡು ನಳಿಗೆ ತೋಟಾ ಕೋವಿ. ಬೆಳೆ ರಕ್ಷಣೆಗೆ ಲೈಸೆನ್ಸ್ ಇದೆ. ಹೊರಗಡೆ ಎರಡು ಕುದುರೆ (ತೋಟಾ ಸಿಡಿಸಲು ಹೊಡೆಯುವ ಸುತ್ತಿಗೆಯಂಥ ಭಾಗ) ಇರುವ ಹಳೇ ಮಾದರಿ, ಹೆಬ್ಬೆರಳಿನಲ್ಲಿ ಕುದುರೆ ಹಿಂದಕ್ಕೆ ಎಳೆದು ನಿಲ್ಲಿಸಬೇಕು, ಆಮೇಲೆ ಟ್ರಿಗರ್ ಒತ್ತಿದರೆ ಅದು ಬಿಡುತ್ತದೆ, ಅಷ್ಟೇ. ಹಳೇ ಸಿಂಗಲ್ ಆ್ಯಕ್ಷನ್ ರಿವಾಲ್ವರ್‌ನಲ್ಲೂ ಇದೇ ಲೆಕ್ಕ, ಅಲ್ಲಿ ಕುದುರೆ ಎಳೆದಾಗ ಗುಂಡಿನ ಚಕ್ರವೂ ಒಂದು ಮನೆ ತಿರುಗುತ್ತದೆ. ಎರಡರಲ್ಲೂ ಎಳೆದ ಕುದುರೆಯನ್ನು ಹಿಡಿದು ನಿಲ್ಲಿಸುವುದು ಒಳಗಿರುವ ಒಂದು ಸಣ್ಣ ಕೊಕ್ಕೆ. ಅದರ ಮೂತಿ ಕುದುರೆಯ ಬುಡದ ಕಚ್ಚಿನಲ್ಲಿ ಕೂರಬೇಕು. ಅಲ್ಲಿ ಕಚ್ಚಿಕೊಳ್ಳುವ ಜಾಗ ಬಹಳ ಸಣ್ಣದು.

2024ರ ಲೋಕಸಭಾ ಚುನಾವಣೆಗೆ ಮಾರ್ಚ್ ಕೊನೆಯಲ್ಲಿ ಕೋವಿ ಕೊಟ್ಟೆ. ನಮ್ಮ ಕಡೆ ಏಪ್ರಿಲ್ 26ಕ್ಕೇ ಮತದಾನ ಮುಗಿಯಿತು, ಆದರೆ ಫಲಿತಾಂಶ ಬಂದದ್ದು ಜೂನ್ 4ಕ್ಕೆ. ಕೋವಿ ಕೈಗೆ ಸಿಗುವಾಗ ಮಳೆ ಹಿಡಿದಿತ್ತು. ಎಲ್ಲರ ಕೋವಿಗಳ ಜೊತೆ ಗೋಡೆಗೆ ಒರಗಿಸಿ ಇಟ್ಟಿದ್ದರು, ಕೆಳಗೆ ಬರಿ ನೆಲ. ನಳಿಗೆಯ ಮೇಲೆ ಕೆಂಪು ತುಕ್ಕು. ಅದನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿದೆ, ಹೋಯಿತು. ತುಕ್ಕಷ್ಟೇ ಅಂದುಕೊಂಡೆ.

ಜುಲೈಯಲ್ಲಿ ಒಂದು ಸಂಜೆ ಜಗಲಿಯಲ್ಲಿ ಕೂತು ನಳಿಗೆ ಎರಡೂ ಖಾಲಿ ಇದೆಯಾ ಅಂತ ಬಿಚ್ಚಿ ನೋಡಿ, ಬಲಗಡೆ ಕುದುರೆ ಎಳೆದು ನಿಲ್ಲಿಸಿದೆ. ಕೋವಿ ಪಕ್ಕಕ್ಕೆ ಇಡುವಾಗ ಕಂಬಕ್ಕೆ ಸ್ವಲ್ಪ ತಾಗಿತು ನೋಡಿ, ಟಪ್ ಅಂತ ಕುದುರೆ ಬಿತ್ತು. ಟ್ರಿಗರ್ ಹತ್ತಿರ ನನ್ನ ಬೆರಳೇ ಇರಲಿಲ್ಲ. ಮಗ ಮೂರಡಿ ದೂರದಲ್ಲಿ ನಿಂತಿದ್ದ. ಮತ್ತೆ ಎಳೆದು ಹಿಂದಿನಿಂದ ಹೆಬ್ಬೆರಳಲ್ಲಿ ಮೆತ್ತಗೆ ದೂಡಿದೆ, ಮತ್ತೆ ಬಿತ್ತು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಪಂಪ್‌ಸೆಟ್ ರಿಪೇರಿಗೆ ಬಂದಿದ್ದ ಹುಡುಗ ನೋಡಿ, "ಕೊಡಿ ಅಣ್ಣ, ಕಚ್ಚು ಸವೆದಿದೆ, ನಾಲ್ಕು ಸಲ ಅರ ಹಾಕಿದ್ರೆ ಕೂತ್ಕೊಳ್ಳುತ್ತೆ" ಅಂದ. ಒಳ್ಳೆಯ ಕೆಲಸಗಾರ ಅವನು, ಸಹಾಯ ಮಾಡಬೇಕು ಅಂತಲೇ ಹೇಳಿದ್ದು. ನಾನು ಕೊಡಲಿಲ್ಲ. ಲೈಸೆನ್ಸ್ ಇಲ್ಲದವರು ಕೋವಿ ರಿಪೇರಿ ವ್ಯಾಪಾರ ಮಾಡುವುದಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅವಕಾಶ ಇಲ್ಲ, ಇದು ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತೇ ಇಲ್ಲ. ಒಂದು ದಿನ ಹಾಳು ಮಾಡಿಕೊಂಡು, ಕಾಗದಪತ್ರ ಎಲ್ಲಾ ಇಟ್ಟುಕೊಂಡು ಮೈಸೂರಿಗೆ ಹೋಗಿ ಲೈಸೆನ್ಸ್ ಇರುವ ಹಿರಿಯ ರಿಪೇರಿಯವರ ಕೈಗೆ ಕೊಟ್ಟೆ.

ಅವರು ಮೊದಲು ಲಾಕನ್ನು, ಅಂದರೆ ಕುದುರೆ, ಸ್ಪ್ರಿಂಗು, ಕೊಕ್ಕೆ ಎಲ್ಲಾ ಕೂತಿರುವ ಭಾಗವನ್ನು, ಕೋವಿಯ ಹಿಡಿಯ ಮರದಿಂದ ಹೊರಗೆ ತೆಗೆದು ಕೈಯಲ್ಲೇ ಹಿಡಿದು ಕುದುರೆ ಎಳೆದರು. ಕಲ್ಲಿನ ಹಾಗೆ ನಿಂತಿತು! ದೂಡಿದರೂ ಬೀಳಲಿಲ್ಲ. ಸ್ಪ್ರಿಂಗು ಸರಿ, ಕಚ್ಚು ಸರಿ. ವಾಪಸ್ ಮರಕ್ಕೆ ಕೂರಿಸಿ ಸ್ಕ್ರೂ ಬಿಗಿ ಮಾಡಿದರು, ಜಾರಿತು. "ಕಬ್ಬಿಣದ್ದಲ್ಲ ಸ್ವಾಮಿ, ಮರದ್ದು" ಅಂದರು. ತೇವಕ್ಕೆ ಮರ ಊದಿಕೊಂಡು ಒಳಗಿನ ಕೊಕ್ಕೆಯ ಬಾಲಕ್ಕೆ ತಾಗುತ್ತಿತ್ತು, ಹಾಗಾಗಿ ಅದರ ಮೂತಿ ಕಚ್ಚಿನ ತಳದವರೆಗೂ ಇಳಿಯದೆ ಬರೀ ಅಂಚಿನಲ್ಲಿ ನಿಲ್ಲುತ್ತಿತ್ತು. ದೀಪದ ಮಸಿಯನ್ನು ಆ ಬಾಲಕ್ಕೆ ಹಚ್ಚಿ ಲಾಕ್ ಕೂರಿಸಿ ತೆಗೆದರು. ಮರದ ಮೇಲೆ ಅಕ್ಕಿಕಾಳಿನಷ್ಟು ಕಪ್ಪು ಗುರುತು. ಅಷ್ಟು ಜಾಗವನ್ನು ಮಾತ್ರ ಸಣ್ಣ ಉಳಿಯಲ್ಲಿ ಕಾಗದದಷ್ಟು ತೆಳುವಾಗಿ ಹೆರೆದು ಎಣ್ಣೆ ಕುಡಿಸಿದರು. ಆಮೇಲೆ ಕುದುರೆ ಎಷ್ಟು ದೂಡಿದರೂ ಅಲುಗಲಿಲ್ಲ.

ಅರ ಹಾಕಿದ್ದರೆ ಏನಾಗುತ್ತಿತ್ತು ಅಂತ ಕೇಳಿದೆ. ಹಳೇ ಕೋವಿಯಲ್ಲಿ ಆ ಕಚ್ಚಿನ ಮೇಲ್ಪದರಕ್ಕೆ ಮಾತ್ರ ಗಟ್ಟಿ ಹದ ಕೊಟ್ಟಿರುತ್ತಾರಂತೆ, ಒಳಗೆ ಮೆದು ಕಬ್ಬಿಣ. ಮೇಲ್ಪದರ ಹೋದರೆ ಸ್ವಲ್ಪ ದಿನ ಸರಿ ಇದ್ದ ಹಾಗೆ ಕಂಡು ಆಮೇಲೆ ಬೇಗ ಸವೆದು ಪೂರ್ತಿ ಜಾರುತ್ತದೆ. ಕುದುರೆಯನ್ನು ಅರ್ಧಕ್ಕೆ ಎಳೆದು ಇಟ್ಟರೆ ಸೇಫ್ ಅನ್ನುವವರಿಗೂ ಒಂದು ಮಾತು. 1873ರ ಕೋಲ್ಟ್ ರಿವಾಲ್ವರ್‌ನಲ್ಲಿ ಆರು ಮನೆ ಇದ್ದರೂ ಐದಕ್ಕೇ ಗುಂಡು ತುಂಬಿ ಕುದುರೆಯ ಎದುರಿನ ಮನೆ ಖಾಲಿ ಬಿಡುತ್ತಿದ್ದರು. ಅದರಲ್ಲಿ ಕುದುರೆಯನ್ನು ಸ್ವಲ್ಪವೇ ಎಳೆದರೆ ಸಿಗುವ ಸೇಫ್ಟಿ ಕಚ್ಚನ್ನು ಬಳಸುವವರೇ ನಂಬುತ್ತಿರಲಿಲ್ಲ.

ನಾನು ಕೇಳುವುದು ಎರಡೇ. ಠೇವಣಿ ಇಡುವ ಜಾಗದಲ್ಲಿ ಕೋವಿಗಳ ಕೆಳಗೆ ಮರದ ಹಲಗೆ ಹಾಕಲಿ, ನಾವೇ ಎಣ್ಣೆ ಹಚ್ಚಿ ಕವರಿನಲ್ಲಿ ಕೊಟ್ಟರೆ ಹಾಗೆಯೇ ಇಡಲಿ. ವಾಪಸ್ ಕೊಡುವ ವಾರದಲ್ಲಿ ಒಂದು ದಿನ ಲೈಸೆನ್ಸ್ ಇರುವ ರಿಪೇರಿಯವರನ್ನು ತಾಲ್ಲೂಕಿಗೆ ಕರೆಸಲಿ, ಅವರ ಕೂಲಿ ನಾವೇ ಕೊಡುತ್ತೇವೆ. ಲೈಸೆನ್ಸ್ ನವೀಕರಣ ಈಗ ಐದು ವರ್ಷಕ್ಕೊಮ್ಮೆ. ನಮ್ಮ ಕೊಟ್ಟಿಗೆಹಾರ, ಬಾಳೂರು ಕಡೆಯ ಐದು ಮಳೆಗಾಲದಲ್ಲಿ ಕೋವಿಯ ಮರ ಎಷ್ಟು ಸಲ ಊದುತ್ತದೆ, ಎಷ್ಟು ಸಲ ಒಣಗುತ್ತದೆ ಲೆಕ್ಕ ಹಾಕಿ. ಅಲ್ಲಿಯವರೆಗೆ ಕೋವಿ ವಾಪಸ್ ತಂದವರು ತೋಟಾ ಹಾಕುವ ಮೊದಲು, ಖಾಲಿ ಇದೆ ಅಂತ ಎರಡು ಸಲ ನೋಡಿಕೊಂಡು, ಎಳೆದ ಕುದುರೆಯನ್ನು ಹಿಂದಿನಿಂದ ಒಮ್ಮೆ ದೂಡಿ ನೋಡಿ.

ಒಬ್ಬ ಕಾಫಿ ಬೆಳೆಗಾರ
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ