ಸಾಕು ಮೀನಿಗೆ ಸೋಯಾ ಹಿಂಡಿ ಸಾಕಾ?

ಸಂಪಾದಕರೇ,

ಆಂಚೊವಿಯಂಥ ಸಣ್ಣ ಮೀನು ಹಿಡಿದು, ಪುಡಿ ಮಾಡಿ ಸಾಕು ಮೀನಿಗೆ ಹಾಕುವುದು ಎಷ್ಟು ದಿನ ನಡೆಯುತ್ತದೆ? ಬದಲಾಗಲೇಬೇಕು. ಆದರೆ ಸೋಯಾ ಹಿಂಡಿ ಹಾಕಿದರೆ ಮುಗಿಯಿತು ಅನ್ನುವವರಿಗೆ ಒಂದು ಮಾತು. ಮೀನಿನ ಪುಡಿಯಲ್ಲಿ ಪ್ರೋಟೀನ್ ಶೇ 60ರಿಂದ 70ರಷ್ಟು, ಸೋಯಾ ಹಿಂಡಿಯಲ್ಲಿ ಶೇ 45ರ ಆಸುಪಾಸು, ಅದರಲ್ಲೂ ಮೆಥಿಯೋನಿನ್ ಅನ್ನುವ ಅಗತ್ಯ ಅಮೈನೋ ಆಮ್ಲ (ಪ್ರೋಟೀನಿನ ಒಂದು ಘಟಕ) ಕಮ್ಮಿ, ಹಾಗಾಗಿ ಅದನ್ನು ಬೇರೆಯಾಗಿ ಬೆರೆಸಬೇಕು. ಸೋಯಾದಲ್ಲಿ ಜೀರ್ಣಕ್ಕೆ ಅಡ್ಡಿಯಾಗುವ ಕೆಲವು ಅಂಶಗಳು ಬಿಸಿ ಮಾಡಿದರೆ ಹೋಗುತ್ತವೆ, ರಂಜಕ ಮೀನಿಗೆ ಸಿಗದಂತೆ ಹಿಡಿದಿಡುವ ಫೈಟಿಕ್ ಆಮ್ಲ ಮಾತ್ರ ಸುಲಭಕ್ಕೆ ಜಗ್ಗುವುದಿಲ್ಲ, ಅದನ್ನು ಒಡೆಯಲು ಫೈಟೇಸ್ ಕಿಣ್ವ ಬೇಕು. ಕಾರ್ಪ್, ತಿಲಾಪಿಯಾ ಹೇಗೋ ಹೊಂದಿಕೊಳ್ಳುತ್ತವೆ. ಸಾಲ್ಮನ್‌ಗೆ ಸೋಯಾ ಹಿಂಡಿ ಜಾಸ್ತಿಯಾದರೆ ಕರುಳಿನಲ್ಲೇ ಉರಿಯೂತ, ಮಾಂಸ ತಿನ್ನುವ ಮೀನು ಅಲ್ವಾ! ಮೇವಿನ ಚೀಲದ ಮೇಲೆ ಒಟ್ಟು ಪ್ರೋಟೀನ್ ಅಂಕಿ ನೋಡಿ ಸುಮ್ನೆ ಕೊಳ್ಳಬೇಡಿ, ಅದು ಯಾವುದರಿಂದ ಬಂದದ್ದು ಅಂತ ಕೇಳಿ.

– ಒಬ್ಬ ಓದುಗ