ನಾಲ್ಕೂ ಸರಿ ಅನಿಸಿದರೆ ಯಾವುದಕ್ಕೆ ಟಿಕ್ ಹಾಕೋದು?

ಮಾನ್ಯ ಸಂಪಾದಕರೇ,

ಆಂಬುಲೆನ್ಸ್ ಕೆಲಸದ ಸರ್ಟಿಫಿಕೇಟ್ ಪರೀಕ್ಷೆಯಲ್ಲಿ ಮೊದಲ ಸಲ ನಾನು ಫೇಲಾದೆ. ಓದಿರಲಿಲ್ಲ ಅಂತಲ್ಲ. ಪ್ರತಿ ಪ್ರಶ್ನೆಯ ಕೆಳಗೆ ಕೊಟ್ಟಿದ್ದ ನಾಲ್ಕು ಉತ್ತರವೂ ಸರಿಯೇ ಅನಿಸುತ್ತಿತ್ತು!

ನಮ್ಮ ತೋಟದ ಉದಾಹರಣೆಯನ್ನೇ ಹೇಳುತ್ತೇನೆ. ಪ್ರಶ್ನೆ ಹೀಗಿದೆ ಅಂದುಕೊಳ್ಳಿ. ಮರ ಕಪಾತು ಮಾಡುವಾಗ, ಅಂದರೆ ಕೊಂಬೆ ಸವರುವಾಗ, ಒಬ್ಬ ಬಿದ್ದಿದ್ದಾನೆ. ಜಾಗ ಸುರಕ್ಷಿತ. ಪ್ರಜ್ಞೆ ಇಲ್ಲ, ಉಸಿರಿಲ್ಲ, ನಾಡಿಯೂ ಇಲ್ಲ. ಮೊದಲು ಏನು ಮಾಡುತ್ತೀರಿ? ಕೊಟ್ಟಿರುವ ಉತ್ತರಗಳು: ಕೈ ಮುರಿದಿದ್ದರೆ ಪಟ್ಟಿ ಕಟ್ಟುವುದು, ಬಿಪಿ ನೋಡುವುದು, ಎದೆ ಒತ್ತುವುದು, ಸುತ್ತ ಅಪಾಯ ಇದೆಯಾ ನೋಡುವುದು. ನಾನು ಕೊನೆಯದಕ್ಕೆ ಟಿಕ್ ಹಾಕುವ ಪೈಕಿ. ಕ್ಲಾಸಿನಲ್ಲಿ ಅದನ್ನೇ ಉರು ಹೊಡೆಸಿದ್ದರು. ಆದರೆ ಜಾಗ ಸುರಕ್ಷಿತ ಅಂತ ಪ್ರಶ್ನೆಯೇ ಹೇಳಿದೆ, ಅಲ್ವಾ? ಇಲ್ಲಿ ಉತ್ತರ ಎದೆ ಒತ್ತುವುದು, ನಿಮಿಷಕ್ಕೆ 100ರಿಂದ 120 ಸಲ.

ಎರಡನೇ ಸಲ ಉತ್ತರಗಳನ್ನು ಕೈಯಿಂದ ಮುಚ್ಚಿಕೊಂಡು ಪ್ರಶ್ನೆ ಓದಿದೆ. ‘ಮೊದಲು’, ‘ನಂತರ’, ‘ಹೊರತುಪಡಿಸಿ’ ಎಂಬ ಪದಗಳ ಮೇಲೆ ಬೆರಳಿಟ್ಟೆ. ಪ್ರಶ್ನೆಯಲ್ಲಿ ಇಲ್ಲದ್ದನ್ನು ಸುಮ್ನೆ ಊಹಿಸಲಿಲ್ಲ. ಪಾಸಾದೆ.

‘ಯಾವುದು ಸರಿಯಲ್ಲದ್ದಲ್ಲ’ ಎಂಬಂಥ ಪ್ರಶ್ನೆಗಳಿಗೆ ಮಾತ್ರ ನನ್ನಲ್ಲಿ ಮದ್ದಿಲ್ಲ. ಅದು ಜ್ಞಾನದ ಪರೀಕ್ಷೆಯೋ, ಕಣ್ಣಿನ ಪರೀಕ್ಷೆಯೋ? ಪ್ರಶ್ನೆ ಬರೆಯುವವರು ಇಂಥವನ್ನು ಕೈಬಿಡಲಿ. ತರಬೇತಿ ಕೊಡುವವರು ವಾರಕ್ಕೊಂದು ಗಂಟೆಯಾದರೂ ಪ್ರಶ್ನೆ ಓದುವುದನ್ನು ಕಲಿಸಲಿ.

– ಆಂಬುಲೆನ್ಸ್ ಸಿಬ್ಬಂದಿ, ಸೋಮವಾರಪೇಟೆ